ಟೌಶೆಕ್ ಕಟ್ಟಿದ ಪುಟ್ಟ ಉಂಗುರ

1945ನೇ ಇಸವಿ. ಹ್ಯಾಂಬರ್ಗ್‌ನ ಜೈಲಿನಿಂದ ಕೀಲ್ ಕಡೆಗೆ ಕೈದಿಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ಜ್ವರದಲ್ಲೂ ಪುಸ್ತಕಗಳ ಹೊರೆ ಹೊತ್ತಿದ್ದ 24ರ ಯುವಕನೊಬ್ಬ ದಾರಿಯಲ್ಲೇ ಕುಸಿದ. ನಾಜಿ ಕಾವಲುಗಾರ ಗುಂಡು ಹಾರಿಸಿದ. ಕಿವಿಯ ಬಳಿ ಗಾಯವಾಗಿ ರಕ್ತ ಸುರಿಯಿತು. ಸತ್ತನೆಂದೇ ತಿಳಿದು ಅವನನ್ನು ಅಲ್ಲೇ ಬಿಟ್ಟು ಮುಂದೆ ನಡೆದರು. ಆದರೆ ಅವನು ಬದುಕಿದ್ದ. ಹದಿನೈದು ವರ್ಷಗಳ ನಂತರ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸುವ ಜಗತ್ತಿನ ಮೊದಲ ಯಂತ್ರಕ್ಕೆ ರೂಪ ಕೊಟ್ಟ ಬ್ರೂನೊ ಟೌಶೆಕ್ ಅವರೇ ಆ ಯುವಕ.

ಅವರು ಹುಟ್ಟಿದ್ದು 1921ರಲ್ಲಿ, ವಿಯೆನ್ನಾದಲ್ಲಿ. ತಾಯಿ ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ತಮ್ಮ ಗುರುತು ಯಾರಿಗೂ ಇಲ್ಲದ ಹ್ಯಾಂಬರ್ಗ್‌ಗೆ ಹೋದರು. ಅಲ್ಲಿ ನಾರ್ವೆಯ ರೋಲ್ಫ್ ವಿಡೆರೋ ಅವರ ಬೀಟಾಟ್ರಾನ್ ಯಂತ್ರದ ಲೆಕ್ಕಾಚಾರದ ಕೆಲಸ ಸಿಕ್ಕಿತು. ನಿಂತ ಗುರಿಗೆ ಕಣ ಹೊಡೆದರೆ ಹೆಚ್ಚಿನ ಶಕ್ತಿ ಗುರಿಯನ್ನು ಮುಂದಕ್ಕೆ ತಳ್ಳುವುದರಲ್ಲೇ ಹೋಗುತ್ತದೆ, ಎರಡನ್ನೂ ಎದುರುಬದುರು ಓಡಿಸಿದರೆ ಪೂರ್ತಿ ಶಕ್ತಿ ಡಿಕ್ಕಿಗೇ ಸಿಗುತ್ತದೆ ಎಂದು ವಿಡೆರೋ 1943ರಲ್ಲಿ ಯೋಚಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಇಷ್ಟು ಸರಳ ಸಂಗತಿಗೆ ಪೇಟೆಂಟ್ ಯಾಕೆ ಎನ್ನುವುದು ಟೌಶೆಕ್ ಅವರ ನಿಲುವಾಗಿತ್ತಂತೆ! 1945ರಲ್ಲಿ ಗೆಸ್ಟಾಪೊ ಟೌಶೆಕ್ ಅವರನ್ನು ಬಂಧಿಸಿದಾಗ, ಜೈಲಿಗೆ ಊಟ, ಸಿಗರೇಟು ಒಯ್ದು ಕೊಡುತ್ತಿದ್ದವರೂ ಇದೇ ವಿಡೆರೋ.

ಯುದ್ಧ ಮುಗಿದ ಮೇಲೆ ಗಾಟಿಂಗೆನ್, ಗ್ಲಾಸ್ಗೊ, ಕೊನೆಗೆ ರೋಮ್. 1960ರ ಮಾರ್ಚ್ 7ರಂದು ರೋಮ್ ಬಳಿಯ ಫ್ರಾಸ್ಕಾಟಿ ಪ್ರಯೋಗಾಲಯದಲ್ಲಿ ಅವರು ತಮ್ಮ ಯೋಜನೆ ಮಂಡಿಸಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ವಿದ್ಯುದಾವೇಶ ವಿರುದ್ಧ, ತೂಕ ಒಂದೇ. ಹಾಗಾಗಿ ಒಂದೇ ಕಾಂತದೊಳಗೆ, ಒಂದೇ ಉಂಗುರದಲ್ಲಿ ಎರಡೂ ವಿರುದ್ಧ ದಿಕ್ಕಿನಲ್ಲಿ ಸುತ್ತಬಲ್ಲವು. ಒಂದು ವರ್ಷ ತುಂಬುವ ಮೊದಲೇ, 1961ರ ಫೆಬ್ರವರಿಯಲ್ಲಿ, ಆ ಉಂಗುರದಲ್ಲಿ ಕಣಗಳು ಸುತ್ತತೊಡಗಿದವು. ಇಟಾಲಿಯನ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದನ್ನು ‘ಆಡಾ’ ಎಂದು ಕರೆದರು. ಟೌಶೆಕ್ ಅವರ ಚಿಕ್ಕಮ್ಮನ ಹೆಸರೂ ಅದೇ. ಉಂಗುರದ ಅಡ್ಡಳತೆ ಒಂದೂವರೆ ಮೀಟರ್ ಆಸುಪಾಸು, ಕಾಂತದ ತೂಕ ಎಂಟೂವರೆ ಟನ್. ಸುತ್ತುವ ಎಲೆಕ್ಟ್ರಾನ್ ಬೆಳಕು ಚೆಲ್ಲುತ್ತದೆ. ಒಂದೊಂದು ಕಣ ಕಳೆದಾಗಲೂ ಬೆಳಕು ಒಂದು ಮೆಟ್ಟಿಲು ಇಳಿಯುವುದನ್ನು ನೋಡಿ, ಉಳಿದವನ್ನು ಎಣಿಸಬಹುದಿತ್ತು.

ಆದರೆ ಡಿಕ್ಕಿ ಕಾಣಬೇಕಾದರೆ ಕಣಗಳು ಸಾಲುತ್ತಿರಲಿಲ್ಲ. ಹೆಚ್ಚು ಕಣ ತುಂಬಬಲ್ಲ ಯಂತ್ರ ಫ್ರಾನ್ಸ್‌ನ ಓರ್ಸೆಯಲ್ಲಿತ್ತು. 1962ರ ಬೇಸಿಗೆಯಲ್ಲಿ ಆಡಾವನ್ನು ಲಾರಿಗೆ ಹೇರಿ ಆಲ್ಪ್ಸ್ ದಾಟಿಸಿದರು. ಒಳಗಿನ ನಿರ್ವಾತ ಕೆಡದಂತೆ ಪಂಪ್ ಓಡಿಸಲು ಬ್ಯಾಟರಿಗಳೂ ಜೊತೆಗೇ ಹೊರಟವು.

ಅಲ್ಲೇ ಕಾದಿತ್ತು ಆಘಾತ. ಉಂಗುರಕ್ಕೆ ಕಣಗಳನ್ನು ಹೆಚ್ಚು ತುಂಬಿದಷ್ಟೂ ಅವು ಬೇಗ ಬೇಗ ಕಳೆದುಹೋಗತೊಡಗಿದವು. 1963ರ ಆ ರಾತ್ರಿಯೇ ಟೌಶೆಕ್ ಲೆಕ್ಕ ಹಾಕಿ ಕಾರಣ ಹಿಡಿದರು. ಒಂದೇ ದಿಕ್ಕಿಗೆ ಓಡುವ ಗುಂಪಿನೊಳಗಿನ ಎಲೆಕ್ಟ್ರಾನ್‌ಗಳೇ ಒಂದಕ್ಕೊಂದು ತಾಗುತ್ತಿದ್ದವು. ಅಡ್ಡಡ್ಡ ಅಲುಗಾಟದ ಚೂರು ವೇಗ ಉದ್ದಕ್ಕೆ ತಿರುಗಿ, ಸಾಪೇಕ್ಷತೆಯ ನಿಯಮದಿಂದ ಹಲವು ಪಟ್ಟು ಹಿಗ್ಗಿ, ಒಂದು ಕಣ ಶಕ್ತಿ ಗಳಿಸಿ, ಇನ್ನೊಂದು ಕಳೆದುಕೊಂಡು, ಎರಡೂ ದಾರಿ ತಪ್ಪುತ್ತಿದ್ದವು. ಡಿಕ್ಕಿ ಹೆಚ್ಚಬೇಕಾದರೆ ಗುಂಪನ್ನು ಇಕ್ಕಟ್ಟಾಗಿಸಬೇಕು, ಇಕ್ಕಟ್ಟಾದರೆ ಗುಂಪು ತನ್ನನ್ನೇ ಕರಗಿಸಿಕೊಳ್ಳುತ್ತದೆ. ಆಗಲೇ ಕಟ್ಟಲು ಹೊರಟಿದ್ದ ದೊಡ್ಡ ಉಂಗುರ ‘ಅಡೋನೆ’ಯ ಗತಿ ಏನು? ಶಕ್ತಿ ಹೆಚ್ಚಿದಂತೆ ಈ ಕಾಟ ತಗ್ಗುತ್ತದೆ ಎಂದು ಅದೇ ಲೆಕ್ಕ ತೋರಿಸಿದ್ದರಿಂದ ಎಲ್ಲರೂ ಉಸಿರುಬಿಟ್ಟರು. ಎದುರುಬದುರು ಗುಂಪುಗಳು ನಿಜಕ್ಕೂ ಡಿಕ್ಕಿಯಾಗುತ್ತಿವೆ ಎಂಬುದಕ್ಕೂ ಆಡಾದಲ್ಲೇ ಸಾಕ್ಷಿ ಸಿಕ್ಕಿತು.

ಜಪಾನಿನ ಸೂಪರ್‌ಕೆಇಕೆಬಿಯಲ್ಲಿ ಡಿಕ್ಕಿಯ ಜಾಗಕ್ಕೆ ಬರುವಾಗ ಕಾಂತಗಳು ಪುಂಜವನ್ನು ನ್ಯಾನೊಮೀಟರ್‌ಗಳ ಲೆಕ್ಕದಲ್ಲಿ ಅಳೆಯುವಷ್ಟು ತೆಳುವಾಗಿಸುತ್ತವೆ. ಅಂಥ ವಿನ್ಯಾಸಕ್ಕೆ ಕೂತವರು ಇಂದಿಗೂ ಮೊದಲು ಹಾಕುವ ಲೆಕ್ಕಗಳಲ್ಲಿ ‘ಟೌಶೆಕ್ ಪರಿಣಾಮ’ ಒಂದು. ತುಮಕೂರಿನ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಇಂದೋರ್ ಕೇಂದ್ರದ ಇಂಡಸ್-2 ಉಂಗುರಕ್ಕೂ ಆ ಲೆಕ್ಕ ತಪ್ಪಿದ್ದಲ್ಲ.

ಅಡೋನೆಯ ಕಥೆಯಲ್ಲಿ ಬೇಸರದ ತಿರುವೊಂದಿದೆ. ಅದರ ಮಿತಿ 3 ಗಿಗಾ ಎಲೆಕ್ಟ್ರಾನ್ ವೋಲ್ಟ್. 1974ರಲ್ಲಿ ಅಮೆರಿಕದವರು ಹೊಸ ಕಣ ಕಂಡದ್ದು 3.1ರಲ್ಲಿ! ಸುದ್ದಿ ತಿಳಿದದ್ದೇ ಫ್ರಾಸ್ಕಾಟಿಯವರು ಯಂತ್ರವನ್ನು ಮಿತಿ ಮೀರಿ ಓಡಿಸಿ, ಕೆಲವೇ ದಿನಗಳಲ್ಲಿ ತಾವೂ ಕಂಡರು. ಆದರೆ ನೊಬೆಲ್ ಅಮೆರಿಕದವರ ಪಾಲಾಯಿತು.

ಟೌಶೆಕ್ 1978ರ ಮೇ 25ರಂದು ಇನ್ಸ್‌ಬ್ರುಕ್‌ನಲ್ಲಿ ತೀರಿಕೊಂಡರು. ವಯಸ್ಸು 57. ಆಡಾ ಈಗ ಫ್ರಾಸ್ಕಾಟಿಯ ಆವರಣದಲ್ಲಿ ಪ್ರದರ್ಶನಕ್ಕಿದೆ.