ರಾಕೆಟ್ಟನ್ನು ಮಕ್ಕಳ ಕೈಗಿತ್ತ ಡೆವ್ಲಿನ್



ಸಂಜೆ ಶಾಲೆ ಬಿಟ್ಟ ಮೇಲೆ ನಂಜನಗೂಡಿನ ಬೀದಿಗಳಲ್ಲಿ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಶಟಲ್ ಆಡುವ ಮಕ್ಕಳನ್ನು ನೀವು ಕಂಡಿರಬಹುದು. ಕಪಿಲೆಯ ಕಡೆಯಿಂದ ಗಾಳಿ ಬೀಸಿತೆಂದರೆ ಹೊಡೆದ ಶಟಲ್ ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಕಾವೇರಿಯೂ ಕಪಿಲೆಯೂ ಕೂಡುವ ತಿ. ನರಸೀಪುರದ ಮಕ್ಕಳಿಗೂ ಈ ಪೇಚಾಟ ಹೊಸದಲ್ಲ. ಆದರೂ ಕತ್ತಲಾಗುವವರೆಗೆ ಅವರು ಆಟ ಬಿಡುವುದಿಲ್ಲ.

ಈ ಆಟ ನಮಗೆ ಹೊರಗಿನದೆಂದು ತೋರುತ್ತದೆ. ಆದರೆ 1870ರ ದಶಕದಲ್ಲಿ ಇದಕ್ಕೆ ಮೊದಲು ನಿಯಮಗಳನ್ನು ಬರೆದದ್ದು ನಮ್ಮ ಪುಣೆಯಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು. ಆಟ ಅವರೊಂದಿಗೆ ಹಡಗು ಹತ್ತಿತು. 1903ರಲ್ಲಿ ಐರ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳು ಡಬ್ಲಿನ್ ನಗರದಲ್ಲಿ ಎದುರುಬದುರಾದವು. ಎರಡು ದೇಶಗಳ ನಡುವೆ ನಡೆದ ಮೊದಲ ಬ್ಯಾಡ್ಮಿಂಟನ್ ಪಂದ್ಯ ಅದು. ಆ ಡಬ್ಲಿನ್ನಿನ ಮಗ ಫ್ರಾಂಕ್ ಡೆವ್ಲಿನ್ ಅವರ ಬಾಳನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ.

ಡೆವ್ಲಿನ್ ಹುಟ್ಟಿದ್ದು 1900ರಲ್ಲಿ. ಬಾಲ್ಯದಲ್ಲಿ ಅವರ ಕಾಲಿನ ಮೂಳೆಗೆ ರೋಗ ತಗಲಿತು. ಶಸ್ತ್ರಚಿಕಿತ್ಸೆ ಮಾಡಿ ಹಿಮ್ಮಡಿಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಓಡಿಯಾಡುವ ವಯಸ್ಸಿನ ಹುಡುಗ ಆಸ್ಪತ್ರೆಯ ಪಾಲಾದ. ಆದರೆ ಅವನು ಕೈಕಟ್ಟಿ ಕೂರಲಿಲ್ಲ. ಅಲ್ಲಿಯೇ ರಾಕೆಟ್ ಹಿಡಿದು ಮಣಿಕಟ್ಟನ್ನು ಪಳಗಿಸಿಕೊಂಡ. ಕಾಲಿನ ಕೊರತೆಯನ್ನು ಕೈ ತುಂಬಿಕೊಟ್ಟಿತು. ಬ್ಯಾಡ್ಮಿಂಟನ್ ಬಲ್ಲವರಿಗೆ ಗೊತ್ತು, ಈ ಆಟದ ಗುಟ್ಟೆಲ್ಲ ಇರುವುದು ಮಣಿಕಟ್ಟಿನಲ್ಲಿ.

ಆ ಕಾಲದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇರಲಿಲ್ಲ. ಲಂಡನ್ನಿನಲ್ಲಿ ನಡೆಯುತ್ತಿದ್ದ ಆಲ್ ಇಂಗ್ಲೆಂಡ್ ಪಂದ್ಯಾವಳಿಯನ್ನು ಗೆದ್ದವರೇ ಲೋಕಕ್ಕೆ ಮೊದಲಿಗರು. 1922ರಿಂದ 1931ರವರೆಗಿನ ಹತ್ತು ವರ್ಷಗಳಲ್ಲಿ ಡೆವ್ಲಿನ್ ಒಂದು ವರ್ಷವೂ ಅಲ್ಲಿಂದ ಬರಿಗೈಯಲ್ಲಿ ಮರಳಲಿಲ್ಲ. ಸಿಂಗಲ್ಸ್‌ನಲ್ಲಿ 6, ಡಬಲ್ಸ್‌ನಲ್ಲಿ 7, ಮಿಶ್ರ ಡಬಲ್ಸ್‌ನಲ್ಲಿ 5, ಒಟ್ಟು 18 ಪ್ರಶಸ್ತಿಗಳು. 1926, 1927 ಮತ್ತು 1929ರಲ್ಲಿ ಮೂರು ವಿಭಾಗಗಳನ್ನೂ ಅವರೇ ಗೆದ್ದರು. ಡಬಲ್ಸ್‌ನ 7 ಗೆಲುವುಗಳಲ್ಲಿ 6ರಲ್ಲಿ ಜೊತೆಗಿದ್ದವರು ತಮ್ಮ ನಾಡಿನವರೇ ಆದ ಕರ್ಲಿ ಮ್ಯಾಕ್. ಈ ಮ್ಯಾಕ್ 1924ರಲ್ಲಿ ಸಿಂಗಲ್ಸ್ ಪ್ರಶಸ್ತಿಯನ್ನೂ ಗೆದ್ದವರು. ಒಂದೇ ಕಿರೀಟದ ಮೇಲೆ ಕಣ್ಣಿಟ್ಟ ಇಬ್ಬರು ವರ್ಷಗಟ್ಟಲೆ ಒಂದೇ ಬದಿಯಲ್ಲಿ ನಿಂತು ಆಡಿದರು. ಒಂದೇ ಮನೆಯ ಅಣ್ಣತಮ್ಮಂದಿರಿಗೂ ಇದು ಸುಲಭವಲ್ಲ, ಅಲ್ಲವೇ?

1930ರಲ್ಲಿ ಸಿಂಗಲ್ಸ್ ಕಿರೀಟ ಕೈತಪ್ಪಿತು. 1931ರಲ್ಲಿ ಡೆವ್ಲಿನ್ ಅದನ್ನು ಮತ್ತೆ ಗೆದ್ದರು. ಆಗ ಅವರಿಗೆ 31 ವರ್ಷ. ಆ ಗೆಲುವಿನ ಬಳಿಕ ಅವರು ಸ್ಪರ್ಧೆಯನ್ನು ಬಿಟ್ಟು, ಕಡಲು ದಾಟಿ ಕೆನಡಾದ ವಿನಿಪೆಗ್ ನಗರಕ್ಕೆ ಹೋಗಿ ತರಬೇತುದಾರರಾದರು. ಅಂದಿನ ಕಟ್ಟಳೆಯಂತೆ, ಹಣ ಪಡೆದು ಆಟ ಕಲಿಸುವವರು ಇಂಥ ಪಂದ್ಯಾವಳಿಗಳಲ್ಲಿ ಆಡುವಂತಿರಲಿಲ್ಲ. ಗೆದ್ದರೂ ಬಹುಮಾನದ ಹಣವಿಲ್ಲದ ಕಾಲ ಅದು. ಕಲಿಸುವುದನ್ನೇ ಜೀವನೋಪಾಯ ಮಾಡಿಕೊಂಡರೆ ಕಿರೀಟದ ಆಸೆ ಬಿಡಬೇಕಿತ್ತು. ಡೆವ್ಲಿನ್ ಬಿಟ್ಟರು.

ಮುಂದೆ ಕುಟುಂಬ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನೆಲೆಸಿತು. ಹೆಣ್ಣುಮಕ್ಕಳಾದ ಸೂ ಮತ್ತು ಜೂಡಿಗೆ ತಂದೆಯೇ ಗುರು. 1954ರಲ್ಲಿ ಜೂಡಿ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದಾಗ ಅವರಿಗೆ ಕೇವಲ 18 ವರ್ಷ. ಅದೇ ವರ್ಷ ಅಕ್ಕತಂಗಿಯರು ಕೂಡಿ ಡಬಲ್ಸನ್ನೂ ಗೆದ್ದರು. 1967ರ ಹೊತ್ತಿಗೆ ಜೂಡಿಯ ಪ್ರಶಸ್ತಿಗಳು 17. ಅವುಗಳಲ್ಲಿ 10 ಸಿಂಗಲ್ಸ್‌ನವು. ಅಪ್ಪನ 18, ಮಗಳ 17! ಸೂ ಮದುವೆಯಾಗಿ ತಂದೆಯ ನಾಡಿಗೇ ಹೋಗಿ ಐರ್ಲೆಂಡಿನ ಪರವಾಗಿ ಆಡಿದರು. ತಂದೆ ತೊರೆದು ಬಂದ ಅಂಗಳಕ್ಕೆ ಮಗಳು ಮರಳಿದಳು. 1988ರಲ್ಲಿ ಡೆವ್ಲಿನ್ ತೀರಿಕೊಂಡರು.

ನಮ್ಮ ನಾಡಿನಲ್ಲೂ ಇಂಥ ತಂದೆಯೊಬ್ಬರಿದ್ದರು. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದ ರಮೇಶ್ ಪಡುಕೋಣೆಯವರು ತಮ್ಮ ಮಗನ ಕೈಗೆ ರಾಕೆಟ್ ಕೊಟ್ಟರು. ಆ ಮಗ ಪ್ರಕಾಶ್ 1980ರಲ್ಲಿ, ಡೆವ್ಲಿನ್ ಆರು ಸಲ ಗೆದ್ದ ಅದೇ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರಾದರು.

ತಂದೆತಾಯಿಯರೇ, ನಮ್ಮ ಮಕ್ಕಳೆಲ್ಲ ಚಾಂಪಿಯನ್ನರಾಗಲಾರರು, ಆಗಬೇಕಾದ್ದೂ ಇಲ್ಲ. ಆದರೆ ನಿಮಗೆ ಬರುವ ವಿದ್ಯೆ ಯಾವುದೇ ಇರಲಿ, ಹೊಲಿಗೆಯಿರಲಿ, ಬೇಸಾಯವಿರಲಿ, ಹಾಡಿರಲಿ, ಅದನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಸಿದ್ದೀರಾ? ಅದಕ್ಕೆ ಸಮಯ ಬೇಕು. ಆ ಸಮಯಕ್ಕಾಗಿ ನಮ್ಮದೇನನ್ನಾದರೂ ಬಿಡಬೇಕು. ಇಂದು ಸಂಜೆ ಮಗು ಹಳೆಯ ರಾಕೆಟ್ ಹಿಡಿದು ನಿಮ್ಮನ್ನು ಅಂಗಳಕ್ಕೆ ಕರೆದರೆ, ನಾಳೆ ನೋಡೋಣ ಎನ್ನಬೇಡಿ. ಎದ್ದು ಹೋಗಿ.