ಹುಲಿಯ ಜೊತೆ ನಡೆದ ಭಿಕ್ಷು

 

ಪ್ಯಾರಿಸ್ಸಿನ ಗಿಮೆ ಮ್ಯೂಸಿಯಂನಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ಹಳೆಯ ಚಿತ್ರವೊಂದಿದೆ. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿದ್ದು. ಬೆನ್ನ ಮೇಲೆ ಗ್ರಂಥಗಳ ಹೊರೆ ಹೊತ್ತ ಭಿಕ್ಷು, ಪಕ್ಕದಲ್ಲಿ ಸಾಕಿದ ನಾಯಿಯಂತೆ ಹೆಜ್ಜೆ ಹಾಕುವ ಹುಲಿ. ಆ ಭಿಕ್ಷು ಇಂಥವರೇ ಎಂದು ಹೇಳಲು ಆಧಾರ ಸಾಲದು. ಆದರೂ ನೋಡಿದವರಿಗೆ ನೆನಪಾಗುವುದು ಹ್ಯೂಯೆನ್ ತ್ಸಾಂಗ್. ಮುಂದೆ ಚೀನೀ ಕಥೆಗಾರರು ಅವರಿಗೆ ಮೋಡದ ಮೇಲೆ ಹಾರುವ ಮಾಯಾವಿ ಕೋತಿಯನ್ನೂ ಜೊತೆ ಮಾಡಿದರು. ನನ್ನ ಕಣ್ಣು ಮಾತ್ರ ಆ ಹೊರೆಯ ಮೇಲೇ ನಿಲ್ಲುತ್ತದೆ.

ಚೀನೀ ಅನುವಾದಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೂಲ ಗ್ರಂಥಗಳನ್ನೇ ನೋಡಬೇಕೆಂದು 629ರ ಸುಮಾರಿಗೆ ಅವರು ಚಕ್ರವರ್ತಿಯ ಅಪ್ಪಣೆಯಿಲ್ಲದೆ ಹೊರಟರು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ನಾಲ್ಕು ರಾತ್ರಿ, ಐದು ಹಗಲು ಗುಟುಕು ನೀರಿಲ್ಲ. ಕೊನೆಗೆ ದಾರಿ ಬಲ್ಲ ಮುದಿ ಕುದುರೆ ತಾನಾಗಿ ನೀರಿನತ್ತ ತಿರುಗಿತು. ಕೋತಿಯಲ್ಲ, ಕುದುರೆ!

ನಾಲಂದದಲ್ಲಿ ವೃದ್ಧ ಶೀಲಭದ್ರರ ಬಳಿ ಕಲಿತು, ಕಂಚಿಯವರೆಗೂ ಬಂದು, ನಮ್ಮ ಕಡೆಯ ಕೊಂಕಣಪುರವೆಂಬ ನಾಡನ್ನು ಹಾದರು. ಅದು ಈಗಿನ ಯಾವ ಊರು ಎಂಬ ವಿದ್ವಾಂಸರ ಜಗಳ ಮುಗಿದಿಲ್ಲ. ಅಲ್ಲಿ ಸುಮಾರು 100 ವಿಹಾರ, 10,000 ಭಿಕ್ಷುಗಳು ಇದ್ದರೆಂದು ಬರೆದಿದ್ದಾರೆ. ಬುದ್ಧ ನಿಮಗೆ ಎಲ್ಲಿಂದ ಬಂದ ಎಂದು ಕೇಳುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

645ರಲ್ಲಿ 657 ಗ್ರಂಥಗಳೊಂದಿಗೆ ಊರು ಮುಟ್ಟಿದರು. 664ರಲ್ಲಿ ತೀರಿಕೊಳ್ಳುವವರೆಗೂ ಅನುವಾದವೇ ಅವರ ಕೆಲಸ. ಅವರ ಪ್ರವಾಸ ಕಥನದಲ್ಲೂ ಪವಾಡಗಳಿಗೆ ಬರವಿಲ್ಲ, ಅವನ್ನು ನಾನು ಪಕ್ಕಕ್ಕಿಟ್ಟು ಓದುತ್ತೇನೆ. ಆದರೆ ಒಂದು ಕಡೆ ಪುಟ ಮುಂದೆ ಸರಿಯುವುದಿಲ್ಲ. ಕಟುಕರು, ಮೀನುಗಾರರು, ಜಲಗಾರರು ಊರ ಹೊರಗೆ ವಾಸಿಸಬೇಕು, ಬೀದಿಯಲ್ಲಿ ಹೋಗುವಾಗ ಎಡಬದಿಗೆ ಸರಿದು ನಡೆಯಬೇಕು. ಕಂಡದ್ದನ್ನು ಹೀಗೆ ಬರೆದರೇ ಹೊರತು ಖಂಡಿಸಲಿಲ್ಲ. ಆ ಬೇಸರ ನನಗಿದೆ.

ನಮ್ಮಜ್ಜಿ ಕಡೂರು ಕಡೆಯ ಹಳ್ಳಿಯೊಂದರಲ್ಲಿ ಮೇಲಿನ ಬೀದಿ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿಗೆ ಸರಿದು ನಡೆಯುತ್ತಿದ್ದರು. ಆ ಅಂಚಿಗೆ ಸಾವಿರದ ಮುನ್ನೂರು ವರ್ಷದ ದಾಖಲೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಬಾಬಾಸಾಹೇಬರಿಗೆ ಗೊತ್ತಿತ್ತು. ಅಸ್ಪೃಶ್ಯರ ಮೂಲ ಕುರಿತು 1948ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇದೇ ಮಾತನ್ನು ಸಾಕ್ಷಿಗೆ ಕರೆಯುತ್ತಾರೆ. ಅದಕ್ಕೂ ಮುಂಚೆ ಬಂದ ಫಾಹಿಯಾನನ ಬರಹದ ಪಕ್ಕದಲ್ಲಿಟ್ಟು ತೂಗಿ, ಅಸ್ಪೃಶ್ಯತೆ ಅನಾದಿಯದ್ದಲ್ಲ, ಅದು ಹುಟ್ಟಿದ್ದು ಸುಮಾರು ಕ್ರಿ.ಶ. 400ರ ಹೊತ್ತಿಗೆ ಎಂದು ವಾದಿಸುತ್ತಾರೆ. ಅಂದರೆ ಅದಕ್ಕೊಂದು ಹುಟ್ಟಿದ ದಿನವಿದೆ.

ಭಾನುವಾರ ಆ ಅಧ್ಯಾಯವನ್ನೇ ಓದೋಣ. ಪುಸ್ತಕ ಇರುವವರು ತನ್ನಿ.