ಹುಟ್ಟುಗುರುಡರ ವೈದ್ಯ ವಿಲಿಯಂ ಚೆಸೆಲ್ಡನ್

ಕಣ್ಣಿನ ಪೊರೆಯು ಕಳೆದೊಡನೆ ದೃಷ್ಟಿಯು ತಾನಾಗಿ ಬರುವುದೆಂದು ಲೋಕವು ನಂಬಿದೆ. ಹುಟ್ಟುಗುರುಡರ ವಿಷಯದಲ್ಲಿ ಈ ನಂಬಿಕೆಯು ಅರ್ಧಸತ್ಯವೆಂದು ತೋರಿಸಿಕೊಟ್ಟವರಲ್ಲಿ ಲಂಡನ್ ನಗರದ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ನನು ಅಗ್ರಗಣ್ಯನು.

1688ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ಜನಿಸಿದ ಈತನು ತಾರುಣ್ಯದಲ್ಲಿಯೇ, 1713ರಲ್ಲಿ, ಶರೀರರಚನೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿ, ಮುಂದೆ ಸೇಂಟ್ ಥಾಮಸ್ ಆಸ್ಪತ್ರೆಯ ಶಸ್ತ್ರವೈದ್ಯನಾದನು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ರೋಗಿಯ ಯಾತನೆಯನ್ನು ತಗ್ಗಿಸಲು ವೈದ್ಯನ ಕೈಯ ವೇಗವೇ ಮುಖ್ಯ ಉಪಾಯವಾಗಿದ್ದಿತು. ಮೂತ್ರಕೋಶದ ಕಲ್ಲನ್ನು ಒಂದು ನಿಮಿಷದೊಳಗೆ ತೆಗೆಯಬಲ್ಲನೆಂದು ಹೆಸರಾಗಿದ್ದ ಈತನ ಮನಸ್ಸು ಶಸ್ತ್ರವನ್ನು ಹಿಡಿಯುವ ಮುನ್ನ ಪ್ರತಿಸಲವೂ ಕಳವಳಗೊಳ್ಳುತ್ತಿದ್ದಿತು.

ಆದರೆ ನಾವು ಈತನನ್ನು ಸ್ಮರಿಸುವುದು 1728ರಲ್ಲಿ ಪ್ರಕಟವಾದ ಒಂದು ಚಿಕ್ಕ ವರದಿಗಾಗಿ. ನೋಡಿದ ನೆನಪೇ ಇಲ್ಲದ, ಹದಿಮೂರು ದಾಟಿದ ಬಾಲಕನೊಬ್ಬನ ಕಣ್ಣಿಗೆ ಸೂಜಿಯನ್ನಿಟ್ಟು, ಪೊರೆಗಟ್ಟಿದ ಮಸೂರವನ್ನು ದೃಷ್ಟಿಯ ದಾರಿಯಿಂದ ಚೆಸೆಲ್ಡನ್ನನು ಸರಿಸಿದನು. ಈ ಬಗೆಯ ಚಿಕಿತ್ಸೆಯು ಹೊಸದಲ್ಲ. ನಮ್ಮ ಸುಶ್ರುತಸಂಹಿತೆಯಲ್ಲಿಯೂ ಅದರ ವರ್ಣನೆಯುಂಟು. ಹೊಸದಾದುದು ಅನಂತರದ ತಾಳ್ಮೆಯ ನಿರೀಕ್ಷಣೆ. ಬೆಳಕು ಒಳಹೊಕ್ಕಿತು, ಅರ್ಥವು ಹೊಗಲಿಲ್ಲ. ಕಂಡ ವಸ್ತುಗಳೆಲ್ಲವೂ ಬಾಲಕನಿಗೆ ಕಣ್ಣಿಗೆ ತಗುಲಿದಂತೆಯೇ ತೋರಿದವು. ಬೆಕ್ಕಾವುದು, ನಾಯಿಯಾವುದು ಎಂಬುದನ್ನು ಮುಟ್ಟಿ ಗುರುತಿಸಬೇಕಾಯಿತು. ಚಿತ್ರಪಟಗಳಲ್ಲಿರುವುದು ವಸ್ತುಗಳ ರೂಪವೆಂದು ತಿಳಿಯಲು ಸುಮಾರು ಎರಡು ತಿಂಗಳು ಹಿಡಿಯಿತು. ಮುಟ್ಟಿ ಬಲ್ಲುದನ್ನು ಹುಟ್ಟುಗುರುಡನು ದೃಷ್ಟಿ ಬಂದಾಗ ನೋಡಿದ ಮಾತ್ರಕ್ಕೆ ಗುರುತಿಸಬಲ್ಲನೇ ಎಂದು ತತ್ತ್ವಜ್ಞರು ನಡೆಸಿದ್ದ ಚರ್ಚೆಗೆ ಹೀಗೆ ಒಂದು ನಿದರ್ಶನವು ದೊರೆಯಿತು.

1745ರಲ್ಲಿ ಶಸ್ತ್ರವೈದ್ಯರು ಕ್ಷೌರಿಕರ ಸಂಘದಿಂದ ಬೇರ್ಪಟ್ಟು ಸ್ವತಂತ್ರರಾಗಲು ಶ್ರಮಿಸಿದವರಲ್ಲಿ ಚೆಸೆಲ್ಡನ್ನನೂ ಒಬ್ಬನು. 1752ರಲ್ಲಿ ಬಾತ್ ನಗರದಲ್ಲಿ ಮರಣ ಹೊಂದಿದನು.

ಬಾಲಕನ ಕಷ್ಟದ ಕಾರಣವನ್ನರಿಯಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಪರಿಶೋಧನೆ ನಡೆಸಿ, ಎಳವೆಯಲ್ಲಿ ಕಣ್ಣಿನಿಂದ ಸಂದೇಶವು ಬಾರದಿದ್ದರೆ ಮಿದುಳು ನೋಡುವುದನ್ನು ಸರಿಯಾಗಿ ಕಲಿಯದೆಂದು ತೋರಿಸಿದರು. ಆದುದರಿಂದಲೇ ದಟ್ಟವಾದ ಪೊರೆಯೊಡನೆ ಹುಟ್ಟಿದ ಶಿಶುವಿಗೆ ಜನನದ ಮೊದಲ ಕೆಲವು ವಾರಗಳಲ್ಲಿಯೇ ಶಸ್ತ್ರಚಿಕಿತ್ಸೆಯನ್ನು ಮಾಡುವುದು ಇಂದಿನ ಕ್ರಮ. ಆಮೇಲೆ ಕನ್ನಡಕವೇ ಮೊದಲಾದ ಸಾಧನಗಳೂ ವರ್ಷಗಟ್ಟಲೆಯ ಆರೈಕೆಯೂ ಅವಶ್ಯಕ.

ಶಿಶುವಿನ ಪಾಪೆಯಲ್ಲಿ ಬಿಳುಪು ಕಂಡಾಗ, ಮಗು ಬೆಳೆಯಲಿ, ಆಮೇಲೆ ನೋಡೋಣವೆಂದು ಸುಮ್ಮನಿರುವ ತಂದೆತಾಯಿಗಳಿಗೆ ನಾವು ಹೇಳುವುದಿಷ್ಟೆ: ಪೊರೆಯನ್ನು ಮುಂದೆಯೂ ತೆಗೆಯಬಹುದು, ಕಳೆದ ವಾರಗಳನ್ನು ಯಾವ ವೈದ್ಯನೂ ಮರಳಿ ತಂದುಕೊಡಲಾರನು.